ಸಿಂಕ್, ಡ್ರೌನ್, ಇಮಾಂಬಿ

ನವನಗರದ ನನ್ನ ಸಂಜೆ ಕ್ಲಾಸಿಗೆ ಏಳು ಜನ.
ಆರು ಜನ ನರ್ಸಿಂಗ್ ಹುಡುಗಿಯರು.
ಏಳನೆಯವಳು ಇಮಾಂಬಿ ಬಾಗವಾನ, ಐವತ್ತೆಂಟು,
ಮೊಮ್ಮಗನ ಹೋಂವರ್ಕು ತಿದ್ದಬೇಕೆಂದು ಬಂದವಳು.
ಫೀಸಿನ ಜೊತೆ ತಿಂಗಳಿಗೊಂದು ಡಜನ್
ಜವಾರಿ ಬಾಳೆಹಣ್ಣು, ಬೇಡವೆಂದರೂ.

ಆವತ್ತು ಹಲಗೆಯ ಮೇಲೆ ಒಂದೇ ಶಬ್ದ ಬರೆದೆ: ಮುಳುಗು.
ಅದರಡಿ ಎರಡು ಗೆರೆ, ಕವಲೊಡೆದ ದಾರಿಯ ಹಾಗೆ.
ಎಡಕ್ಕೆ ಸಿಂಕ್, ಬಲಕ್ಕೆ ಡ್ರೌನ್.

ಕಲ್ಲು ಸಿಂಕ್ ಆಗುತ್ತದೆ, ಅಂದೆ. ದೋಣಿ ಸಿಂಕ್.
ಗುಡ್ಡದ ಹಿಂದೆ ಹೊತ್ತು ಕೂಡ ಸಿಂಕ್.
ಉಸಿರಿದ್ದದ್ದು ಮಾತ್ರ ಡ್ರೌನ್:
ಮನುಷ್ಯ, ಆಕಳು, ಇರುವೆ.
ದೋಣಿ ಸಿಂಕ್ ಆದರೆ ಅಂಬಿಗ ಡ್ರೌನ್ ಆಗಬಹುದು,
ಈಜು ಬಂದರೆ ಆಗದೆಯೂ ಇರಬಹುದು.
ಸಿಂಕ್ ಆದದ್ದನ್ನು ಹಗ್ಗ ಕಟ್ಟಿ ಎತ್ತುತ್ತಾರೆ.
ಡ್ರೌನ್ ಆದವರನ್ನೂ ಎತ್ತುತ್ತಾರೆ, ಆದರೆ
ಅಂತ ನಿಲ್ಲಿಸಿದೆ.
ಹುಡುಗಿಯರು ಬರೆದುಕೊಂಡರು, ಆ ‘ಆದರೆ’ ಸಮೇತ.

‘ಮತ್ತ ಮಿಸ್, ಅಡಗಿಮನ್ಯಾಗ ಭಾಂಡೆ ತೊಳಿಯೂದು?’
ಹಿಂದಿನ ಬೆಂಚಿನಿಂದ ಅಕ್ಕನಾಗಮ್ಮ.
ಅದೂ ಸಿಂಕೇ. ಎಲ್ಲರೂ ನಕ್ಕರು.
ಇಮಾಂಬಿ ನಗಲಿಲ್ಲ.
‘ಹಳೇ ಮನ್ಯಾಗ ಅದು ಇದ್ದಿದ್ದಿಲ್ಲ. ಬಚ್ಚಲದಾಗ ತಿಕ್ಕತಿದ್ದಿವಿ.
ಪರಿಹಾರದ ರೊಕ್ಕ ಬಂದಾಗ
ಮೊದಲ ಹಾಕಿಸಿದ್ದ ಅದು.’

ಐದು ವಾಕ್ಯ ಬರೆಯಿರಿ ಅಂದೆ.
ಅವಳ ಮೂರನೆಯದು: ಮೈ ಶಾಪ್ ಡ್ರೌನ್ಡ್.
ಕೆಂಪು ಪೆನ್ನು ತಾನೇ ಓಡಿತು.
ಗೀಟು ಹೊಡೆದು ಮೇಲೆ ಬರೆದೆ: ಸ್ಯಾಂಕ್.
ಅಂಗಡಿಗೆ ಉಸಿರಿಲ್ಲ, ಇಮಾಂಬಿ.

ಅವಳು ತನ್ನ ಪೆನ್ನಿಗೆ ಮುಚ್ಚಳ ಹಾಕಿದಳು, ನಿಧಾನಕ್ಕೆ.
‘ಬಾಳಿಹಣ್ಣಿನ ಭಟ್ಟಿ ನೋಡೀರೇನ್ರಿ ನೀವು?
ಕಿಟಕಿ ಇಲ್ಲದ ಖೋಲಿ.
ಕಾಯಿ ಒಟ್ಟಿ, ಹುಲ್ಲು ಮುಚ್ಚಿ, ಕುಳ್ಳಿನ ಹೊಗಿ ಹಾಕಿ
ಬಾಗಲಕ್ಕ ಮಣ್ಣು ಮೆತ್ತತಿದ್ದರು ನಮ್ಮನಿಯವರು.
ಮೂರನೇ ದಿನ ನಸುಕಿನ್ಯಾಗ ಬಾಗಲಾ ತಗದರ
ಬೆಚ್ಚನ್ನ ಗಾಳಿ ಮಾರಿಗೆ ಬಡೀತಿತ್ತು,
ಮಲಗಿದ ಕೂಸಿನ ಬಾಯಾಗಿಂದ ಬಂದಂಗ.
ಉಸಿರ ಇಲ್ಲಂದ್ರ ಕಾಯಿ ಹೆಂಗ ಹಣ್ಣಾಗತೈತ್ರಿ?’

ಹುಡುಗಿಯರು ನನ್ನ ಕಡೆ ನೋಡಿದರು.
ಕಾಯಿ ಉಸಿರಾಡುವುದು ಅವರು ಓದಿ ಮುಗಿಸಿದ ಪಾಠ.
ನನ್ನ ವ್ಯಾಕರಣದಲ್ಲಿ ಇರಲಿಲ್ಲ.

ಊರಿಗೆ ಬಂದ ನೋಟಿಸಿನಲ್ಲಿ ಇವೆರಡೂ ಇರಲಿಲ್ಲವಂತೆ.
ಅಲ್ಲಿದ್ದದ್ದು ಸಬ್‌ಮರ್ಜ್.
ಅದಕ್ಕೆ ಉಸಿರೂ ಬೇಡ, ತೂಕವೂ ಬೇಡ,
ಸರ್ವೆ ನಂಬರ್ ಇದ್ದರೆ ಸಾಕು.

ಏಪ್ರಿಲ್ಲಿನ ಕೊನೆಯ ರವಿವಾರ ಅವಳೇ ಕರೆದೊಯ್ದಳು.
ಹಿನ್ನೀರು ಸರಿದಿತ್ತು. ಬಿರುಕುಬಿಟ್ಟ ಕೆಸರು,
ಸಿಂಪಿನ ಚೂರು, ಹರಿದ ಮೀನಬಲೆ.
ಸೀರೆ ಎತ್ತಿಕಟ್ಟಿ ಹೆಜ್ಜೆ ಎಣಿಸಿದಳು
ಬೇವಿನ ಬೊಡ್ಡೆಯಿಂದ ಹದಿನಾಲ್ಕು, ಎಡಕ್ಕೆ ಆರು.
‘ಇಲ್ಲಿ ತಕ್ಕಡಿ. ಇಲ್ಲಿ ಗಲ್ಲಾ. ಇದು ಭಟ್ಟಿ ಬಾಗಲಾ.’
ಇದ್ದದ್ದು ಒಂದು ಹೊಸ್ತಿಲ ಕಲ್ಲು, ಅದರ ಮೇಲೊಂದು ಬೆಳ್ಳಕ್ಕಿ.
ಹಕ್ಕಿ ಹಾರಲಿಲ್ಲ, ಒಂದಿಷ್ಟು ಸರಿದು ಜಾಗ ಕೊಟ್ಟಿತು.
ಅವಳು ಹೊಸ್ತಿಲು ತುಳಿಯದೆ ದಾಟಿ
ಒಳಗೆ ಹೋದಳು.
ನನಗೆ ಹೊರಗೆ ನಿಲ್ಲಬೇಕೆನಿಸಿತು, ನಿಂತೆ.

‘ಮಿಸ್, ಮುಳುಗಿ, ಬ್ಯಾಸಿಗಿಗೊಮ್ಮೆ ಎದ್ದು
ಮಳಿಗಾಲಕ್ಕ ಮತ್ತ ಮುಳುಗೂದು ಇರತೈತಲ್ಲ,
ಅದಕ್ಕ ಇಂಗ್ಲೀಷಿನ್ಯಾಗ ಏನಂತಾರ?’

ಸೋಮವಾರ ಹೇಳುತ್ತೇನೆ, ಅಂದೆ.
ರಾತ್ರಿ ದಪ್ಪ ಡಿಕ್ಷನರಿ ತೆಗೆದು
ಎಸ್ ಅಕ್ಷರದಲ್ಲೇ ನಿದ್ದೆ ಹೋದೆ.
ಸೋಮವಾರ ಪ್ರಿಪೊಸಿಷನ್ ಕಲಿಸಿದೆ: ಇನ್, ಆನ್, ಅಂಡರ್.
ಅವಳು ಕೇಳಲಿಲ್ಲ, ನೆನಪಿಲ್ಲದೆ ಅಲ್ಲ.

ಅವಳದೊಂದು ನೋಟ್‌ಬುಕ್ಕು ನನ್ನಲ್ಲೇ ಉಳಿದಿದೆ.
ಮೂರನೇ ವಾಕ್ಯದಲ್ಲಿ, ಕೆಂಪು ಗೀಟಿನಡಿ,
ಅವಳ ಶಬ್ದ ಈಗಲೂ ಓದಲು ಬರುತ್ತದೆ.